ಮುಚ್ಚಿದ ಕಮಾನುಗಳು

ಮಧ್ಯಯುಗದ ಯುರೋಪಿನ ವಾಸ್ತುಶಿಲ್ಪವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುವು ಮುಗಿಲೆತ್ತರದ ಕೆಥೆಡ್ರಲ್‌ಗಳು. ಅವು ಬಿಷಪರ, ಅರಸರ, ಸಿರಿವಂತ ನಗರಗಳ ಕೃತಿಗಳು. ನಾನು ಈಗ ಹೇಳಹೊರಟಿರುವುದು ಅಂಥದರ ಮಾತಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ವಾರಮ್ ಪರ್ಸಿ ಎಂಬ ಹಾಳೂರಿನ ನಡುವೆ ಮಾಡಿಲ್ಲದೆ ನಿಂತಿರುವ ಸೇಂಟ್ ಮಾರ್ಟಿನ್ ಚರ್ಚಿನ ಮಾತು.

ಹಳ್ಳಿಯ ಚರ್ಚಿನಲ್ಲಿ ಮುಖ್ಯವಾಗಿ ಎರಡು ಭಾಗಗಳು. ಪೂರ್ವಕ್ಕೆ ಬಲಿಪೀಠವಿರುವ ಚಾನ್ಸಲ್. ಅದಕ್ಕೆ ಹೊಂದಿಕೊಂಡು ಪಶ್ಚಿಮಕ್ಕೆ ಜನ ಕೂಡುವ ಉದ್ದನೆಯ ನೇವ್. ಚಾನ್ಸಲ್ಲಿನ ದುರಸ್ತಿ ದಶಾಂಶ ಪಡೆಯುವವನ ಹೊಣೆ, ನೇವಿನ ದುರಸ್ತಿ ಊರವರ ಹೊಣೆ ಎಂಬುದು ಅಲ್ಲಿನ ಕಟ್ಟಳೆಯಾಗಿತ್ತು. ಆದ್ದರಿಂದ ಊರಿನ ಏಳುಬೀಳು ಹೆಚ್ಚಾಗಿ ಕಾಣುವುದು ನೇವಿನ ಗೋಡೆಗಳಲ್ಲಿಯೇ.

ಊರು ಬೆಳೆದು ಸ್ಥಳ ಸಾಲದಾದಾಗ ಚರ್ಚನ್ನು ಕೆಡವಬೇಕಾಗಿರಲಿಲ್ಲ. ಪಕ್ಕದ ಗೋಡೆಯಲ್ಲಿ ಕಂಡಿಗಳನ್ನು ತೆಗೆದು, ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಕಮಾನು ಕೂಡಿಸುತ್ತಿದ್ದರು. ಮೇಲಣ ಗೋಡೆಯ ಭಾರವನ್ನು ಕಮಾನು ಕಂಬಗಳಿಗೆ ಇಳಿಸುತ್ತದೆ. ಕೆಳಗೆ ದಾರಿ ತೆರೆಯುತ್ತದೆ. ಹೊರಗಡೆ ತಗ್ಗಾದ ಇನ್ನೊಂದು ಗೋಡೆಯನ್ನೆಬ್ಬಿಸಿ ಇಳಿಮಾಡು ಹೊದಿಸಿದರೆ ಪಕ್ಕಸಾಲೆಯೊಂದು ಸಿದ್ಧವಾಯಿತು.

ವಾರಮ್ ಪರ್ಸಿಯಲ್ಲಿ ನಡೆದದ್ದೂ ಇದೇ. 12ನೆಯ ಶತಮಾನದ ಮೊದಲಲ್ಲಿ ಹಿಂದಿನ ಚಿಕ್ಕ ಕಟ್ಟಡದ ಜಾಗದಲ್ಲಿ ದೊಡ್ಡ ಚರ್ಚು ಎದ್ದಿತು. ಆ ಶತಮಾನದ ಕೊನೆಗೆ ದಕ್ಷಿಣದಲ್ಲೊಂದು, 13ನೆಯ ಶತಮಾನದಲ್ಲಿ ಉತ್ತರದಲ್ಲೊಂದು ಪಕ್ಕಸಾಲೆ ಸೇರಿದವು. ಈಗ ಆ ಸಾಲೆಗಳು ಇಲ್ಲ. ಗೋಡೆಯಲ್ಲಿ ಕಮಾನುಗಳ ಬಾಗು ಮಾತ್ರ ಕಾಣುತ್ತದೆ. ಒಳಗೆಲ್ಲ ಕಲ್ಲು ತುಂಬಿದೆ.

ಇದರ ಚಿತ್ರವನ್ನು ಮೊದಲು ನೋಡಿದಾಗ, 1349ರಲ್ಲಿ ಯಾರ್ಕ್‌ಷೈರಿಗೆ ಬಂದ ಮಹಾಮಾರಿ ಊರನ್ನು ಒಂದೇ ಏಟಿಗೆ ಅಳಿಸಿರಬೇಕೆಂದು ನಾನು ಎಣಿಸಿದ್ದೆ. ಅದು ತಪ್ಪು. ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ಎಂಬ ವಿದ್ವಾಂಸರ ನೇತೃತ್ವದಲ್ಲಿ 1950ರಿಂದ 1990ರವರೆಗೆ ಅಲ್ಲಿ ಉತ್ಖನನ ನಡೆಯಿತು. ಮಾರಿಯ ತರುವಾಯವೂ ಊರು ಸುಮಾರು ಒಂದೂವರೆ ಶತಮಾನ ಬದುಕಿತ್ತು. ಅದನ್ನು ಕೊನೆಗಾಣಿಸಿದ್ದು ಕುರಿ. ಉಣ್ಣೆಗೆ ಬೆಲೆ ಬಂದಿತ್ತು. ಉಳುವ ಹೊಲ ಹುಲ್ಲುಗಾವಲಾಯಿತು. ಉಳುಮೆಗೆ ಹತ್ತಾರು ಕೈ ಬೇಕು, ಕುರಿ ಕಾಯಲು ಒಬ್ಬನೇ ಸಾಕು. 1500ರ ಸುಮಾರಿಗೆ ಕೊನೆಯ ಒಕ್ಕಲುಗಳೂ ಹೊರಟುಹೋದವು. ಜನ ಕರಗಿದಂತೆ ಪಕ್ಕಸಾಲೆಗಳನ್ನು ತೆಗೆದು ಕಮಾನುಗಳನ್ನು ಮುಚ್ಚಿದರು. 17ನೆಯ ಶತಮಾನದಲ್ಲಿ ಚಾನ್ಸಲ್ಲನ್ನೂ ಮೊಟಕುಮಾಡಿದರು.

ಊರಿಲ್ಲದ ಮೇಲೆ ಚರ್ಚೇಕೆ ಎಂದು ನೀವು ಕೇಳಬಹುದು. ಅದೇ ಪ್ಯಾರಿಷಿಗೆ ಸೇರಿದ ಸುತ್ತಣ ಹಳ್ಳಿಗಳವರು ಅಲ್ಲಿಗೆ ಬರುತ್ತಿದ್ದರು. 1870ರಲ್ಲಿ ಅವುಗಳಲ್ಲೊಂದಾದ ಥಿಕ್ಸೆಂಡೇಲಿಗೆ ಸ್ವಂತ ಚರ್ಚಾಯಿತು. ಇಲ್ಲಿ ಕೊನೆಯ ಆರಾಧನೆ ನಡೆದದ್ದು 1949ರಲ್ಲಿ. 1959ರಲ್ಲಿ ಗೋಪುರದ ಒಂದು ಭಾಗ ಕುಸಿಯಿತು.

ಪರ್ಸಿ ಎಂಬುದು ಒಡೆಯರ ಮನೆತನದ ಹೆಸರು. ಅದು ಊರಿನ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಚರ್ಚಿನಲ್ಲೂ ಅದರ ಅಂಗಳದಲ್ಲೂ ಸುಮಾರು 700 ಜನರ ಅಸ್ಥಿಗಳು ದೊರೆತವು; ಆ ನೆಲವನ್ನು ಉತ್ತವರಲ್ಲಿ ಬಹುಮಂದಿಯ ಹೆಸರು ಯಾವ ಕಡತದಲ್ಲಿಯೂ ಇಲ್ಲ. ಅವರು ಹೆಚ್ಚಿದ್ದಕ್ಕೂ ಕಡಿಮೆಯಾದದ್ದಕ್ಕೂ ಆ ಗೋಡೆಯೇ ಸಾಕ್ಷಿ. ಹಳೆಯ ಕಟ್ಟಡವನ್ನು ನೋಡುವಾಗ ನಾವು ಕೆತ್ತನೆಯನ್ನು ಹುಡುಕುತ್ತೇವೆ. ಗೋಡೆಗೆ ಹಾಕಿದ ತೇಪೆಯನ್ನೂ ಒಂದು ಕ್ಷಣ ನಿಂತು ನೋಡುವುದು ಒಳ್ಳೆಯದು.