ದಿನಕ್ಕೊಂದು ಪ್ರಶ್ನೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಇಲ್ಲಿಯ ಮಕ್ಕಳು ತೆಂಗಿನ ತೋಟಗಳ ನಡುವೆಯೇ ಬೆಳೆಯುತ್ತಾರೆ. ತೆಂಗಿನಕಾಯಿಗೆ ಎಷ್ಟು ಕಣ್ಣುಗಳಿವೆ ಎಂದು ಕೇಳಿದರೆ ಒಂದನೆಯ ತರಗತಿಯ ಬಾಲಕನೂ ಮೂರು ಎಂದು ಹೇಳಬಲ್ಲನು. ಆದರೆ ಮೂರೇ ಏಕೆ? ಅವುಗಳಲ್ಲಿ ಎರಡು ಗಟ್ಟಿಯಾಗಿದ್ದು, ಒಂದು ಮಾತ್ರ ಮೆತ್ತಗಿರುವುದು ಏಕೆ? ಹೀಗೆ ಕೇಳಿದಾಗ, ಸಾವಿರಾರು ಕಾಯಿಗಳನ್ನು ಸುಲಿದ ಹಿರಿಯರೂ ಒಂದು ಕ್ಷಣ ಯೋಚಿಸುತ್ತಾರೆ. ದಿನವೂ ಕೈಯಲ್ಲಿ ಹಿಡಿಯುವ ವಸ್ತುವೇ ಆಗ ಹೊಸದಾಗಿ ಕಾಣುತ್ತದೆ.

ಉತ್ತರ ಕಠಿಣವಾದುದಲ್ಲ. ತೆಂಗಿನ ಹೆಣ್ಣು ಹೂವಿನ ಅಂಡಾಶಯದಲ್ಲಿ ಮೂರು ಭಾಗಗಳಿರುತ್ತವೆ. ಸಾಮಾನ್ಯವಾಗಿ ಅವುಗಳಲ್ಲಿ ಒಂದು ಮಾತ್ರ ಬೆಳೆದು ಬೀಜವಾಗುತ್ತದೆ; ಉಳಿದೆರಡು ಬೆಳೆಯದೆ ನಿಂತುಬಿಡುತ್ತವೆ. ಕರಟದ ಮೇಲಿನ ಮೂರು ಕಣ್ಣುಗಳು ಆ ಮೂರು ಭಾಗಗಳ ಗುರುತುಗಳು. ಮೆತ್ತನೆಯ ಕಣ್ಣಿನ ಹಿಂದೆ ಮೊಳಕೆಯ ಅಂಕುರ ಇರುತ್ತದೆ. ಎಳೆಯ ಸಸಿ ಹೊರಗೆ ಬರಲು ಅದೇ ಬಾಗಿಲು. ಇನ್ನೂ ಒಂದು ಸ್ವಾರಸ್ಯದ ಸಂಗತಿಯಿದೆ. ನಾವು ಕಾಯಿ ಎಂದು ಕರೆಯುವ ಇದನ್ನು ಸಸ್ಯಶಾಸ್ತ್ರಜ್ಞರು ಮಾವಿನ ಹಣ್ಣಿನ ಗುಂಪಿಗೆ ಸೇರಿಸುತ್ತಾರೆ. ಮಾವಿನಲ್ಲಿ ಸಿಪ್ಪೆಗೂ ಗೊರಟೆಗೂ ನಡುವೆ ರಸದ ತಿರುಳಿದ್ದರೆ, ತೆಂಗಿನಲ್ಲಿ ಆ ಸ್ಥಳದಲ್ಲಿ ನಾರು ಇದೆ. ಮಾವಿನ ಗೊರಟೆ ಇದ್ದಂತೆ ತೆಂಗಿಗೆ ಕರಟ.

ಇಂಥ ಪ್ರಶ್ನೆಯೊಂದನ್ನು ಪ್ರತಿದಿನವೂ ಶಾಲೆಯ ಹಲಗೆಯ ಮೇಲೆ ಬರೆದು, ಮರುದಿನ ಅದರ ಉತ್ತರವನ್ನೂ ಹೊಸ ಪ್ರಶ್ನೆಯನ್ನೂ ಬರೆಯುವ ಪದ್ಧತಿಯನ್ನು ನೀವು ನೋಡಿರಬಹುದು. ದಿನಪತ್ರಿಕೆಗಳ ಮೂಲೆಯಲ್ಲಿಯೂ ಇಂಥ ಪ್ರಶ್ನೆಗಳು ಕಾಣಿಸಿಕೊಳ್ಳುತ್ತವೆ. ಸಾಮಾನ್ಯ ಜ್ಞಾನವನ್ನು ಪರೀಕ್ಷಿಸುವ ಈ ಆಟಕ್ಕೆ ಕನ್ನಡದಲ್ಲಿ ‘ರಸಪ್ರಶ್ನೆ’ ಎಂಬ ಹೆಸರು ಬಳಕೆಗೆ ಬಂದಿದೆ. ಪ್ರಶ್ನೆಯಲ್ಲಿ ರಸವಿರಬೇಕೆಂಬ ನಿಯಮ ಹೆಸರಿನಲ್ಲಿಯೇ ಇರುವುದರಿಂದ, ಇದು ಒಳ್ಳೆಯ ಹೆಸರೆಂದೇ ಹೇಳಬೇಕು.

ರಸಪ್ರಶ್ನೆ ಬರುವುದಕ್ಕೆ ಬಹಳ ಮೊದಲೇ ನಮ್ಮಲ್ಲಿ ಒಗಟು ಇತ್ತು. ದಿನದ ಕೆಲಸ ಮುಗಿಸಿ ಜಗಲಿಯ ಮೇಲೆ ಕುಳಿತವರು ಒಬ್ಬರಿಗೊಬ್ಬರು ಒಗಟು ಹಾಕುತ್ತಿದ್ದರು. ಮರದ ತುದಿಯಲ್ಲಿ ವಾಸಿಸುವ, ಮುಕ್ಕಣ್ಣನಾದರೂ ಶಿವನಲ್ಲದ, ನೀರು ಹೊತ್ತರೂ ಮೋಡವಲ್ಲದ ವಸ್ತು ಯಾವುದೆಂದು ಕೇಳುವ ಹಳೆಯ ಸಂಸ್ಕೃತ ಒಗಟೊಂದಿದೆ. ತೆಂಗಿನ ಸೀಮೆಯವರಿಗೆ ಅದನ್ನು ಬಿಡಿಸಲು ಹೆಚ್ಚು ಹೊತ್ತು ಬೇಕಾಗಲಾರದು. ಆದರೆ ಒಗಟಿಗೂ ರಸಪ್ರಶ್ನೆಗೂ ಒಂದು ವ್ಯತ್ಯಾಸವಿದೆ. ಒಗಟಿನ ಉತ್ತರ ಒಗಟಿನೊಳಗೇ ಅಡಗಿರುತ್ತದೆ. ಬುದ್ಧಿಯನ್ನು ಓಡಿಸಿದರೆ ಸಿಕ್ಕುತ್ತದೆ. ರಸಪ್ರಶ್ನೆಯ ಉತ್ತರವನ್ನು ಮೊದಲೇ ಎಲ್ಲಿಯೋ ಓದಿರಬೇಕು, ಕೇಳಿರಬೇಕು ಅಥವಾ ನೋಡಿರಬೇಕು.

ನಮ್ಮ ದೇಶದಲ್ಲಿ ರಸಪ್ರಶ್ನೆಯ ಆಧುನಿಕ ಚರಿತ್ರೆ ದೀರ್ಘವಾದುದಲ್ಲ. ನೀಲ್ ಒ’ಬ್ರಿಯನ್ ಎಂಬವರು 1967ರಲ್ಲಿ ಕಲ್ಕತ್ತೆಯಲ್ಲಿ ಮೊದಲ ಸಾರ್ವಜನಿಕ ಸ್ಪರ್ಧೆಯನ್ನು ನಡೆಸಿದರು. 1972ರಿಂದ ಬೋರ್ನ್‌ವಿಟಾ ಸ್ಪರ್ಧೆಯು ರೇಡಿಯೋದ ಮೂಲಕ ಮನೆಮನೆಗೆ ತಲುಪಿತು. ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಲ್ಲಿ ಆರಂಭವಾಯಿತು. ಇವೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆದವು. ಹಳ್ಳಿಯ ಕನ್ನಡಿಗನ ಮನೆಗೆ ರಸಪ್ರಶ್ನೆ ನಿತ್ಯದ ಅತಿಥಿಯಾಗಿ ಬಂದುದು 2002ರ ಜನವರಿಯಲ್ಲಿ, ದೂರದರ್ಶನದ ಚಂದನ ವಾಹಿನಿಯಲ್ಲಿ ‘ಥಟ್ ಅಂತ ಹೇಳಿ’ ಕಾರ್ಯಕ್ರಮ ಆರಂಭವಾದಾಗ. ಅದನ್ನು ನಡೆಸಿಕೊಟ್ಟ ಡಾ. ನಾ. ಸೋಮೇಶ್ವರ ಅವರು ವೃತ್ತಿಯಿಂದ ವೈದ್ಯರು. ಸರಿಯಾದ ಉತ್ತರ ಹೇಳಿದವರಿಗೆ ಅಲ್ಲಿ ದೊರೆಯುತ್ತಿದ್ದುದು ಹಣವಲ್ಲ, ಕನ್ನಡ ಪುಸ್ತಕಗಳು. ಒಂದು ಉತ್ತರದಿಂದ ನೂರು ಹೊಸ ಪ್ರಶ್ನೆಗಳು ಹುಟ್ಟಲು ಇದಕ್ಕಿಂತ ತಕ್ಕ ಬಹುಮಾನ ಬೇರೆ ಯಾವುದು?

ಪ್ರಶ್ನೆಗೆ ಉತ್ತರ ಹೇಳುವುದಕ್ಕಿಂತ ಪ್ರಶ್ನೆಯನ್ನು ರಚಿಸುವುದು ಕಷ್ಟ. ‘ಬಿ.ಎಂ.ಶ್ರೀ. ಅವರು ಹುಟ್ಟಿದ ಊರು ಯಾವುದು?’ ಎಂದು ಹಲಗೆಯ ಮೇಲೆ ಬರೆದರೆ, ಬಲ್ಲವನು ಸಂಪಿಗೆ ಎನ್ನುತ್ತಾನೆ, ಅರಿಯದವನು ಸುಮ್ಮನಿರುತ್ತಾನೆ; ಅಲ್ಲಿಗೆ ಮುಗಿಯಿತು. ಅದನ್ನೇ ಹೀಗೆ ತಿರುಗಿಸೋಣ: ‘ಇಂಗ್ಲಿಷ್ ಗೀತಗಳು ಎಂಬ ಹೆಸರಿದ್ದರೂ ಕನ್ನಡದಲ್ಲಿಯೇ ಇರುವ ಕವನಸಂಕಲನವನ್ನು ಬರೆದವರು ತುರುವೇಕೆರೆ ತಾಲ್ಲೂಕಿನಲ್ಲಿ ಜನಿಸಿದವರು. ಅವರು ಯಾರು?’ ಈಗ ಅರಿಯದವನಿಗೂ ಹಿಡಿಯಲು ಒಂದು ಎಳೆ ಸಿಕ್ಕಿತು. ಹೆಸರಿನಲ್ಲಿ ಇಂಗ್ಲಿಷ್, ಪದ್ಯ ಕನ್ನಡ. ಹಾಗಾದರೆ ಅನುವಾದ ಇರಬಹುದು ಎಂದು ಅವನು ಊಹಿಸುತ್ತಾನೆ. ಒಗಟಿನ ಗುಣ ಸ್ವಲ್ಪ ಬೆರೆತರೆ ರಸಪ್ರಶ್ನೆಗೆ ಜೀವ ಬರುತ್ತದೆ. ಅದೇ ರೀತಿ, ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಬರೆದ ತೀ.ನಂ.ಶ್ರೀಕಂಠಯ್ಯನವರ ಹೆಸರಿನ ಮೊದಲ ಅಕ್ಷರ ಯಾವ ಊರನ್ನು ಸೂಚಿಸುತ್ತದೆ ಎಂದು ಕೇಳಿದರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ಮಕ್ಕಳು ಎದ್ದು ನಿಲ್ಲುತ್ತಾರೆ.

ಇನ್ನು ಉತ್ತರಗಳ ವಿಷಯ. ಇಲ್ಲಿ ಎಚ್ಚರ ಅಗತ್ಯ. ಕರ್ನಾಟಕದಲ್ಲಿ ಎಷ್ಟು ಜಿಲ್ಲೆಗಳಿವೆ? ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ರಲ್ಲಿ ಶಾಲೆಯಲ್ಲಿದ್ದವರು 19 ಎಂದು ಕಲಿತರು. 1997ರಲ್ಲಿ ಹೊಸ ಜಿಲ್ಲೆಗಳು ರಚನೆಯಾದ ಮೇಲೆ ಕಲಿತವರು 27 ಎಂದರು. ವಿಜಯನಗರ ಜಿಲ್ಲೆ ಸೇರಿದ 2021ರಲ್ಲಿ ಸಂಖ್ಯೆ 31 ಆಯಿತು. ಒಂದೇ ಮನೆಯಲ್ಲಿ ಅಜ್ಜ, ತಂದೆ, ಮಗಳು ಮೂರು ಉತ್ತರಗಳನ್ನು ಹೇಳಬಹುದು. ಮೂವರೂ ತಮ್ಮ ತಮ್ಮ ಕಾಲದಲ್ಲಿ ಸರಿಯಾಗಿಯೇ ಕಲಿತವರು. ಗ್ರಹಗಳ ಲೆಕ್ಕವೂ ಹೀಗೆಯೇ. 2006ರಲ್ಲಿ ಪ್ಲೂಟೋವನ್ನು ಆ ಪಟ್ಟಿಯಿಂದ ಬಿಟ್ಟಮೇಲೆ ಒಂಬತ್ತು ಎಂಟಾಯಿತು. ಇಂಥ ಪ್ರಶ್ನೆಗಳಿಗೆ ವರ್ಷವನ್ನು ಸೇರಿಸದೆ ಕೇಳುವುದೇ ತಪ್ಪು.

ಸೊಗಸಾಗಿದ್ದೂ ಸುಳ್ಳಾಗಿರುವ ಉತ್ತರಗಳು ಮತ್ತೊಂದು ಬಗೆ. ‘ಕ್ವಿಜ್’ ಎಂಬ ಪದದ ಹುಟ್ಟಿನ ಬಗೆಗೇ ಇಂಥ ಕಥೆಯೊಂದಿದೆ. ಡಬ್ಲಿನ್ ನಗರದ ನಾಟಕಶಾಲೆಯ ಒಡೆಯನೊಬ್ಬ, ಅರ್ಥವಿಲ್ಲದ ಹೊಸ ಪದವೊಂದನ್ನು ಒಂದೇ ದಿನದಲ್ಲಿ ಊರಿನವರ ಬಾಯಲ್ಲಿ ಆಡಿಸುತ್ತೇನೆಂದು ಪಂದ್ಯ ಕಟ್ಟಿ, ರಾತ್ರೋರಾತ್ರಿ ಗೋಡೆಗಳ ಮೇಲೆಲ್ಲ ಅದನ್ನು ಬರೆಯಿಸಿದನಂತೆ. ಇದು ನಡೆದುದು 1791ರಲ್ಲಿ ಎನ್ನುತ್ತಾರೆ. ಆದರೆ ವಿಚಿತ್ರ ಮನುಷ್ಯ ಎಂಬ ಅರ್ಥದಲ್ಲಿ ಆ ಪದ 1782ರಲ್ಲಿಯೇ ಬಳಕೆಯಲ್ಲಿತ್ತು! ಕಥೆ ಚೆನ್ನಾಗಿದೆ ಎಂಬ ಒಂದೇ ಕಾರಣದಿಂದ ಅದು ಇಂದಿಗೂ ಬದುಕಿದೆ.

ದೂರದ ಡಬ್ಲಿನ್ನಿನ ಕಥೆಯನ್ನು ಅಲ್ಲಗಳೆಯುವುದು ಸುಲಭ. ನಮ್ಮ ಊರಿನ ಹೆಮ್ಮೆಯ ಮಾತನ್ನು ಪರೀಕ್ಷಿಸುವುದು ಅಷ್ಟು ಸುಲಭವಲ್ಲ. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದು ಎಂದು ಹೇಳುವುದನ್ನು ನೀವು ಕೇಳಿರುತ್ತೀರಿ. ಅದನ್ನು ಪ್ರಶ್ನೆಯಾಗಿ ಬರೆಯಲು ಹೊರಟವನು ಮೊದಲು ತನ್ನನ್ನು ತಾನೇ ಕೇಳಿಕೊಳ್ಳಬೇಕಾಗುತ್ತದೆ: ದೊಡ್ಡದೆಂದರೆ ತೂಕದಲ್ಲಿಯೋ, ಹಣದಲ್ಲಿಯೋ? ಯಾವ ವರ್ಷದ ಲೆಕ್ಕ? ಯಾವ ಬಗೆಯ ಕೊಬ್ಬರಿ? ಈ ಕೊನೆಯ ಪ್ರಶ್ನೆ ಮುಖ್ಯವಾದುದು. ಕೊಬ್ಬರಿಯಲ್ಲಿ ಎರಡು ಬಗೆ. ಕಾಯನ್ನು ಒಡೆದು, ಹೋಳುಗಳನ್ನು ಕೆಲವು ದಿನ ಒಣಗಿಸಿ, ಗಾಣಕ್ಕೆ ಕಳುಹಿಸುವುದು ಎಣ್ಣೆಯ ಕೊಬ್ಬರಿ. ತಿಪಟೂರಿನದು ತಿನ್ನಲು ಬಳಸುವ ಉಂಡೆ ಕೊಬ್ಬರಿ. ಕೇಂದ್ರ ಸರ್ಕಾರ ಎರಡಕ್ಕೂ ಬೇರೆ ಬೇರೆ ಬೆಂಬಲ ಬೆಲೆಗಳನ್ನು ಗೊತ್ತುಪಡಿಸುತ್ತದೆ.

ಆದಕಾರಣ ಯಾರ ಮಾರುಕಟ್ಟೆ ದೊಡ್ಡದೆಂಬ ಪ್ರಶ್ನೆಯನ್ನು ಬದಿಗಿಟ್ಟು, ‘ಕರಟವನ್ನು ಒಡೆಯದೆ ಒಳಗಿನ ಕಾಯಿ ಇಡಿಯಾಗಿ ಒಣಗುವುದು ಹೇಗೆ? ಒಣಗಿತೆಂದು ಹೊರಗಿನಿಂದ ತಿಳಿಯುವುದು ಹೇಗೆ?’ ಎಂದು ಹಲಗೆಯ ಮೇಲೆ ಬರೆದು ನೋಡಿ. ಇದಕ್ಕೆ ಉತ್ತರವನ್ನು ಮಕ್ಕಳು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಸಂಜೆ ಮನೆಗೆ ಹೋಗಿ ಕೇಳಿದರೆ ಸಾಕು. ಚೆನ್ನಾಗಿ ಬಲಿತ ಕಾಯಿಗಳನ್ನು ಸಿಪ್ಪೆಯ ಸಹಿತ ಅಟ್ಟಕ್ಕೆ ಏರಿಸಿ, ಎಂಟು ತಿಂಗಳಿನಿಂದ ಒಂದು ವರ್ಷದವರೆಗೆ ಬಿಡಬೇಕು. ಒಳಗಿನ ನೀರು ಸ್ವಲ್ಪ ಸ್ವಲ್ಪವಾಗಿ ಇಂಗುತ್ತದೆ. ತಿರುಳು ಒಣಗಿ ಕುಗ್ಗಿ, ಕರಟದಿಂದ ಬಿಟ್ಟುಕೊಂಡು, ಉಂಡೆಯಾಗಿ ನಿಲ್ಲುತ್ತದೆ. ಇಷ್ಟನ್ನು ಹೇಳಿ ಅಜ್ಜಿ ಸುಮ್ಮನಾಗುವುದಿಲ್ಲ. ಹೊಸ ಕಾಯೊಂದನ್ನೂ ಅಟ್ಟದಿಂದ ಇಳಿಸಿದ ಕಾಯೊಂದನ್ನೂ ಮೊಮ್ಮಗಳ ಕಿವಿಯ ಬಳಿ ಒಂದಾದ ಮೇಲೊಂದರಂತೆ ಅಲ್ಲಾಡಿಸುತ್ತಾರೆ. ಒಂದರಲ್ಲಿ ನೀರು ತುಳುಕುವ ಸದ್ದು. ಇನ್ನೊಂದರಲ್ಲಿ ಉಂಡೆ ಕರಟಕ್ಕೆ ತಾಗುವ ಗಡಗಡ ಸದ್ದು. ಮರುದಿನ ಹಲಗೆಯ ಮೇಲೆ ಉತ್ತರ ಬರೆಯಲು ಸೀಮೆಸುಣ್ಣವನ್ನು ಕೈಗೆತ್ತಿಕೊಂಡವಳು, ಆ ಎರಡು ಸದ್ದುಗಳನ್ನು ಯಾವ ಪದಗಳಲ್ಲಿ ಬರೆಯುವುದೆಂದು ತುಸು ಹೊತ್ತು ನಿಂತು ಯೋಚಿಸುತ್ತಾಳೆ.