ಕಂಪ್ರೆಸರ್ ಕೆಟ್ಟಿದ್ದೇಕೆ ಎಂದು ಮೊದಲು ಕೇಳಿ

ಹತ್ತು ಹನ್ನೆರಡು ವರ್ಷ ಓಡಿದ ಕಾರಿನ ಎಸಿ ಮಾರ್ಚ್ ಬಿಸಿಲಿಗೆ ಕೈಕೊಟ್ಟರೆ ಗ್ಯಾರೇಜಿನಲ್ಲಿ ಕೇಳಿಬರುವುದು ಹೆಚ್ಚಾಗಿ ಎರಡೇ ಮಾತು: ‘ಗ್ಯಾಸ್ ಹೋಗಿದೆ’, ಇಲ್ಲವೇ ‘ಕಂಪ್ರೆಸರ್ ಹೋಗಿದೆ’. ಎರಡನೆಯದಾದರೆ ಮಾಲೀಕರು ಕೂಡಲೇ ಬೆಲೆ ವಿಚಾರಿಸುತ್ತಾರೆ. ಹೊಸದಕ್ಕೆಷ್ಟು, ರೀಕಂಡೀಷನ್ ಮಾಡಿದ್ದಕ್ಕೆಷ್ಟು, ಗುಜರಿಯಲ್ಲಿ ಸಿಕ್ಕೀತೇ? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಇದು ಕೆಟ್ಟಿದ್ದೇಕೆ? ಕಂಪ್ರೆಸರ್ ಎಷ್ಟೋ ಸಲ ತನ್ನ ದೋಷದಿಂದಲ್ಲ, ಎಸಿಯ ಇನ್ನೊಂದು ಭಾಗದ ದೋಷದಿಂದ ಹಾಳಾಗುತ್ತದೆ. ಆ ದೋಷ ಉಳಿದರೆ ಹೊಸ ಕಂಪ್ರೆಸರ್ ಕೂಡ ಬಹಳ ದಿನ ಬಾಳುವುದಿಲ್ಲ.

ಕಾರಿನ ಎಸಿ ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಪೈಪುಗಳಲ್ಲಿ ಸುತ್ತಿ ಬರುತ್ತದೆ. ಎಲ್ಲೋ ಒಂದು ಓ-ರಿಂಗ್ ಸವೆದು ಗ್ಯಾಸ್ ಸೋರಿದರೆ ತಣ್ಣಗಾಗುವುದು ಕಡಿಮೆಯಾಗುವುದಷ್ಟೇ ಅಲ್ಲ, ಎಣ್ಣೆ ಮರಳಿ ಬರುವುದೂ ಕಡಿಮೆಯಾಗುತ್ತದೆ. ಸೋರಿಕೆ ಹುಡುಕದೆ ಪ್ರತಿ ಬೇಸಿಗೆಗೂ ‘ಗ್ಯಾಸ್ ಟಾಪ್‌ಅಪ್’ ಮಾಡಿಸುವ ಅಭ್ಯಾಸ ಕಂಪ್ರೆಸರನ್ನು ನಿಧಾನವಾಗಿ ಒಣಗಿಸುತ್ತದೆ. ಕಂಡೆನ್ಸರ್ ಫ್ಯಾನ್ ತಿರುಗದಿದ್ದರೆ, ಕಂಡೆನ್ಸರಿನ ರೆಕ್ಕೆಗಳಲ್ಲಿ ಕೆಸರು ಕಟ್ಟಿದ್ದರೆ ಒತ್ತಡ ಏರಿ ಅದೇ ಕಂಪ್ರೆಸರ್ ಏದುಸಿರು ಬಿಡುತ್ತದೆ. ಮೂರನೆಯ ಶತ್ರು ನೀರಿನ ಪಸೆ. ಆರ್-134ಎ ಗ್ಯಾಸಿನ ಕಾರುಗಳಲ್ಲಿ ಬಳಸುವ ಪಿಎಜಿ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವ್ಯವಸ್ಥೆಯೊಳಗೆ ಸೇರಿದ ತೇವ ಕಾಲಕ್ರಮೇಣ ಆಮ್ಲಕ್ಕೆ ದಾರಿಮಾಡುತ್ತದೆ. ಆ ತೇವ ಹಿಡಿದಿಡಲೆಂದೇ ಡ್ರೈಯರ್ ಇರುವುದು. ಅದರ ಶಕ್ತಿಗೂ ಮಿತಿಯಿದೆ.

ಕಾರಣ ಕಂಡುಹಿಡಿಯುವುದು ಕಣಿ ಹೇಳಿದಂತಲ್ಲ. ಗೇಜಿನಲ್ಲಿ ಕಡಿಮೆ ಒತ್ತಡದ ನೀಲಿ ಮುಳ್ಳು ಇಳಿಯದೆ, ಹೆಚ್ಚು ಒತ್ತಡದ ಕೆಂಪು ಮುಳ್ಳು ಏರದೆ ಎರಡೂ ಹತ್ತಿರ ಹತ್ತಿರ ನಿಂತರೆ ಕಂಪ್ರೆಸರ್ ಒತ್ತುತ್ತಿಲ್ಲವೆಂಬ ಸಂಶಯಕ್ಕೆ ಆಧಾರ ಸಿಕ್ಕಿತು. ಮ್ಯಾಗ್ನೆಟಿಕ್ ಕ್ಲಚ್ ಹಿಡಿಯುತ್ತಲೇ ಇಲ್ಲವಾದರೆ ಕಾಯಿಲ್, ರಿಲೇ, ವೈರಿಂಗ್ ನೋಡಬೇಕು. ಇಡೀ ಕಂಪ್ರೆಸರ್ ಬಿಚ್ಚುವ ಅಗತ್ಯವೇ ಬೀಳದಿರಬಹುದು. ಬಿಚ್ಚಿದ್ದಾಯಿತೆಂದರೆ ಅದರೊಳಗಿನ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ತಿಳಿಯಾಗಿದ್ದರೆ ನೆಮ್ಮದಿ. ಕಪ್ಪಾಗಿದ್ದು, ಬೆಳಕಿಗೆ ಹಿಡಿದಾಗ ಸಣ್ಣ ಲೋಹದ ಚೂರುಗಳು ಮಿನುಗಿದರೆ ಅದೇ ಚೂರು ಕಂಡೆನ್ಸರಿಗೂ ಹೋಗಿದೆ, ಎಕ್ಸ್‌ಪ್ಯಾನ್ಷನ್ ವಾಲ್ವಿನ ಕಿರುರಂಧ್ರದಲ್ಲೂ ಕೂತಿರಬಹುದು. ಹಳೆಯ ಬಗೆಯ ಒಂದೇ ಕೊಳವೆಯ ಕಂಡೆನ್ಸರನ್ನು ಫ್ಲಶ್ ಮಾಡಿ ತೊಳೆಯಬಹುದು. ತೀರ ಸಣ್ಣ ಕಾಲುವೆಗಳು ಸಾಲುಸಾಲಾಗಿರುವ ಈಚಿನ ಬಗೆಯದು ಪೂರ್ತಿ ಶುಚಿಯಾಗುವುದು ಕಷ್ಟ. ಅದನ್ನು ಬದಲಿಸುವುದೇ ಲೇಸು.

‘ಇದೆಲ್ಲ ಬಿಲ್ಲು ಬೆಳೆಸುವ ತಂತ್ರ’ ಎನ್ನುವವರಿದ್ದಾರೆ. ಆ ಅನುಮಾನ ಆಧಾರವಿಲ್ಲದ್ದೇನಲ್ಲ. ಆದರೆ ನಾನು ಹೇಳುತ್ತಿರುವುದು ಎಲ್ಲವನ್ನೂ ಬದಲಿಸಿ ಎಂದಲ್ಲ. ಎಣ್ಣೆ ತಿಳಿಯಾಗಿದ್ದು ಶಾಫ್ಟ್ ಸೀಲ್ ಮಾತ್ರ ಸೋರಿದ್ದರೆ ಕಂಡೆನ್ಸರ್ ಮುಟ್ಟಬೇಕಿಲ್ಲ. ಡ್ರೈಯರ್ ಮತ್ತು ಓ-ರಿಂಗುಗಳ ಮಾತು ಬೇರೆ, ಅವನ್ನು ಬದಲಿಸಿಯೇಬಿಡಿ: ಅವಕ್ಕೆ ಆಗುವ ಖರ್ಚು ಕಂಪ್ರೆಸರಿನ ಮುಂದೆ ಪುಡಿಗಾಸು. ಇನ್ನು, ‘ಮಾರಿದರೆ ಏನೂ ಬಾರದ ಕಾರಿಗೆ ಇಷ್ಟೇಕೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯದೊಂದು ತಂದು ಕೂರಿಸಿದರಾಯಿತು’ ಎಂಬ ವಾದ. ಕಡಿಮೆ ಓಡಿಸುವವರಿಗೆ ಅದೂ ಸರಿಯೇ. ಆದರೆ ಬಾಯಿ ತೆರೆದೇ ಶೆಲ್ಫಿನಲ್ಲಿ ಬಿದ್ದಿದ್ದ ಕಂಪ್ರೆಸರ್ ತೇವ ಕುಡಿದಿರುತ್ತದೆ. ಬಾಯಿಗೆ ಮುಚ್ಚಳ ಬಿಗಿದದ್ದನ್ನೇ ಕೇಳಿ. ಅಗ್ಗದ್ದು ಕೆಟ್ಟರೆ ಕೂಲಿ, ಗ್ಯಾಸು, ಎಣ್ಣೆ ಎಲ್ಲವೂ ಎರಡನೆಯ ಸಲ. ಮತ್ತೆ ತುಂಬಿಸುವ ಆ ಗ್ಯಾಸ್ ಕೂಡ ಸಾಮಾನ್ಯದ್ದಲ್ಲ: ತೂಕಕ್ಕೆ ತೂಕ ಆರ್-134ಎ ಭೂಮಿಯನ್ನು ಕಾಯಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 1,300 ಪಟ್ಟು. ಇಂಥ ಗ್ಯಾಸುಗಳ ಬಳಕೆಯನ್ನು ತಗ್ಗಿಸುವ ಅಂತರರಾಷ್ಟ್ರೀಯ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಅನುಮೋದನೆ ಕೊಟ್ಟಿದೆ.

ಹಾಗಾಗಿ ಕೆಲಸ ಒಪ್ಪಿಸುವಾಗ ನಾಲ್ಕು ವಿಷಯ ಬಿಲ್ಲಿನಲ್ಲಿ ಬರೆಸಿಕೊಳ್ಳಿ: ಹೊಸ ಡ್ರೈಯರ್, ಎಣ್ಣೆಯ ಗ್ರೇಡ್ ಮತ್ತು ಪ್ರಮಾಣ, ಎಷ್ಟು ಹೊತ್ತು ವ್ಯಾಕ್ಯೂಮ್ ಹಾಕಿದರು, ಎಷ್ಟು ಗ್ರಾಂ ಗ್ಯಾಸ್ ತುಂಬಿದರು. ಎಷ್ಟು ಗ್ರಾಂ ಬೇಕೆಂಬುದು ಬಾನೆಟ್ಟಿನ ಒಳಗಿನ ಚೀಟಿಯಲ್ಲೇ ಸಾಮಾನ್ಯವಾಗಿ ಇರುತ್ತದೆ. ಹಳೆಯ ಕಂಪ್ರೆಸರನ್ನು ಅಲ್ಲೇ ಬಿಟ್ಟುಬರುವ ಮುನ್ನ ನಿಮ್ಮೆದುರಿಗೇ ಅದರ ಎಣ್ಣೆ ಬಸಿದು ತೋರಿಸಲು ಹೇಳಿ.