ಸ್ಪೇನಿನ ಅಗ್ಗದ ಕೆಂಪು ದ್ರಾಕ್ಷಾರಸ: ನಮ್ಮ ನಾಲಿಗೆ ಕಲಿತದ್ದು

ಸ್ಪೇನ್ ದೇಶದ ನವಾರ್ರಾ ಪ್ರಾಂತದಲ್ಲಿ, ಎಸ್ತೇಯಾ ಪಟ್ಟಣವನ್ನು ದಾಟಿ ಸ್ವಲ್ಪ ದೂರ ನಡೆದರೆ, ಇರಾಚೆ ಎಂಬ ಪುರಾತನ ಮಠದ ಸಮೀಪದಲ್ಲಿ ಒಂದು ಗೋಡೆ ಎದುರಾಗುತ್ತದೆ. ಆ ಗೋಡೆಯಲ್ಲಿ ಎರಡು ನಲ್ಲಿಗಳಿವೆ. ಒಂದನ್ನು ತಿರುಗಿಸಿದರೆ ನೀರು, ಇನ್ನೊಂದನ್ನು ತಿರುಗಿಸಿದರೆ ಕೆಂಪು ದ್ರಾಕ್ಷಾರಸ. ಪ್ರೇಷಿತ ಸಂತ ಯಕೋಬರ ಸಮಾಧಿಯಿರುವ ಸಾಂತಿಯಾಗೊ ನಗರಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಯಾತ್ರಿಕರಿಗಾಗಿ ಅಲ್ಲಿನ ದ್ರಾಕ್ಷಾರಸ ತಯಾರಕರು 1991ರಲ್ಲಿ ಇದನ್ನು ಕಟ್ಟಿಸಿದರು. ದುಡ್ಡು ಕೇಳುವವರಿಲ್ಲ. ಅಗ್ಗದ ದ್ರಾಕ್ಷಾರಸಗಳ ಕುರಿತು ಬರೆಯಲು ಹೊರಟವರಿಗೆ ಇದಕ್ಕಿಂತ ತಕ್ಕ ಆರಂಭ ದೊರೆಯಲಾರದು.

2018ರ ಸೆಪ್ಟೆಂಬರ್ ತಿಂಗಳಿನಲ್ಲಿ ನಾವು ಆ ಹಾದಿಯಲ್ಲಿ ನಡೆದೆವು. ಜೊತೆಗೆ ನಮ್ಮ ಧರ್ಮಕೇಂದ್ರದ ಇಬ್ಬರಿದ್ದರು. ಒಬ್ಬರು ನಿವೃತ್ತ ಶಾಲಾ ಮೇಷ್ಟರು. ಇನ್ನೊಬ್ಬರು ಬಸ್ಸಿನ ಚಾಲಕರಾಗಿ ನಿವೃತ್ತರಾದವರು, ಹೊರದೇಶದಲ್ಲಿ ದುಡಿಯುವ ಮಗಳ ನೆರವಿನಿಂದ ಬಂದವರು. ಇರಾಚೆಯ ಗೋಡೆಯ ಮುಂದೆ ನಿಂತಾಗ ನಮಗೆ ಕಸಿವಿಸಿಯಾಯಿತು. ಏಕೆಂದರೆ ಚಾಲಕ ಅಣ್ಣನವರು ಹದಿನಾಲ್ಕು ವರ್ಷಗಳ ಹಿಂದೆ ಕುಡಿತವನ್ನು ಬಿಟ್ಟವರು. ಬಿಡುವ ಮೊದಲು ಅವರ ಮನೆಯಲ್ಲಿ ನಡೆದದ್ದನ್ನು ನಾವು ಕಂಡಿದ್ದೇವೆ. ಅವರೇ ನಮ್ಮ ಕಸಿವಿಸಿಯನ್ನು ನೀಗಿದರು. "ಸ್ವಾಮಿ, ನನ್ನ ನಲ್ಲಿ ಇದು. ನೀವು ಆ ಕಡೆ ನಿಂತ್ಕೊಳ್ಳಿ" ಎಂದು ನಗುತ್ತ, ಬಾಟಲಿಗೆ ನೀರು ತುಂಬಿಸಿಕೊಂಡರು.

ನಾವು ಇನ್ನೊಂದು ನಲ್ಲಿಯಿಂದ ಎರಡು ಗುಟುಕು ಕುಡಿದೆವು. ಸತ್ಯ ಹೇಳಬೇಕೆಂದರೆ ಮುಖ ಕಿವಿಚಿತು. ಹುಳಿ, ಅದರ ಬೆನ್ನಿಗೆ ಒಗರು. ಸಿಹಿಯೆಂಬುದು ಲೇಶವೂ ಇಲ್ಲ. 'ಪುಕ್ಕಟೆ ಕೊಡುವುದು ಹೀಗೇ ಇರುತ್ತದೆ' ಎಂದುಕೊಂಡೆವು. ಆ ಮಾತನ್ನು ಕೆಲವೇ ದಿನಗಳಲ್ಲಿ ನುಂಗಿಕೊಳ್ಳಬೇಕಾಯಿತು.

ಇಲ್ಲಿ ನಮ್ಮ ನಾಲಿಗೆಯ ಹಿನ್ನೆಲೆಯನ್ನು ಓದುಗರಿಗೆ ತಿಳಿಸುವುದು ನ್ಯಾಯ. ದ್ರಾಕ್ಷಾರಸವೆಂದರೆ ನಮಗೆ ತಿಳಿದಿದ್ದುದು ಎರಡೇ ಬಗೆ. ಒಂದು, ನಮ್ಮಲ್ಲಿ ಬಲಿಪೂಜೆಗೆ ಬಳಸುವ ಸಿಹಿಯಾದ ದ್ರಾಕ್ಷಾರಸ. ಇನ್ನೊಂದು, ಕ್ರಿಸ್ಮಸ್ ಹಬ್ಬಕ್ಕೆಂದು ತಾಯಂದಿರು ಭರಣಿಯಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಎರಡು ಲವಂಗ ಹಾಕಿ ಬಟ್ಟೆ ಕಟ್ಟಿ ಇಡುವ ಮನೆಯ ವೈನು. ಎರಡೂ ಸಿಹಿ. ಸ್ಪೇನಿನ ಊಟದ ಮೇಜಿಗೆ ಬರುವ ಕೆಂಪು ದ್ರಾಕ್ಷಾರಸದಲ್ಲಿ ಹಣ್ಣಿನ ಸಕ್ಕರೆಯೆಲ್ಲ ಹುದುಗು ಬರುವಾಗಲೇ ಮದ್ಯಸಾರವಾಗಿ ಮಾರ್ಪಟ್ಟಿರುತ್ತದೆ. ಮೇಲಿನಿಂದ ಸಕ್ಕರೆ ಬೆರೆಸುವುದಿಲ್ಲ. ಆದುದರಿಂದ ಸಿಹಿಯನ್ನು ನಿರೀಕ್ಷಿಸಿದ ನಾಲಿಗೆಗೆ ಅದು ಒರಟಾಗಿ ತೋರುತ್ತದೆ. ತಪ್ಪು ರಸದ್ದಲ್ಲ, ನಿರೀಕ್ಷೆಯದು.

ಮುಂದೆ ರಿಯೋಹಾ ಪ್ರಾಂತದ ಮುಖ್ಯ ಪಟ್ಟಣವಾದ ಲೊಗ್ರೋನ್ಯೊ ತಲುಪಿದಾಗ ಸಂತ ಮತ್ತಾಯರ ಹಬ್ಬ, ಎಂದರೆ ಸೆಪ್ಟೆಂಬರ್ 21. ಅದು ಅಲ್ಲಿ ದ್ರಾಕ್ಷಿ ಕೊಯ್ಲಿನ ಹಬ್ಬವೂ ಹೌದು. ಸಾಂಪ್ರದಾಯಿಕ ಉಡುಪಿನಲ್ಲಿ ಬರಿಗಾಲಿನಿಂದ ದ್ರಾಕ್ಷಿ ತುಳಿದು, ಮೊದಲ ರಸವನ್ನು ವಾಲ್ವನೇರಾ ಮಾತೆಗೆ ಸಮರ್ಪಿಸುತ್ತಾರೆ. ಮೇಷ್ಟರ ಪಾದದಲ್ಲಿ ಬೊಬ್ಬೆಗಳೆದ್ದಿದ್ದುದರಿಂದ ಎರಡು ದಿನ ಅಲ್ಲಿಯೇ ತಂಗಿದೆವು. ಬಿಡುವು ಸಿಕ್ಕಿದಾಗ ತತ್ವಶಾಸ್ತ್ರ ಓದಿದವರಿಗೆ ಒಂದು ಚಪಲ ಹುಟ್ಟುತ್ತದೆ: ನಾವು ನಂಬಿರುವುದು ನಿಜವೋ ಅಲ್ಲವೋ ಎಂದು ಒರೆಗೆ ಹಚ್ಚುವ ಚಪಲ. ದುಬಾರಿಯದು ಉತ್ತಮ, ಅಗ್ಗದ್ದು ಕಳಪೆ ಎಂಬ ನಮ್ಮ ನಂಬಿಕೆಯನ್ನು ಪರೀಕ್ಷಿಸೋಣವೆಂದು ಐದು ಶೀಸೆಗಳನ್ನು ಕೊಂಡೆವು. ನಾಲ್ಕು ಶೀಸೆಗಳ ಬೆಲೆ ಎರಡೂವರೆಯಿಂದ ಐದು ಯೂರೋ. ಐದನೆಯದಕ್ಕೆ ಮಾತ್ರ ಹದಿನಾಲ್ಕು ಯೂರೋ. ಆಗಿನ ದರದಲ್ಲಿ ಒಂದು ಯೂರೋ ಎಂದರೆ ಎಂಬತ್ತು ರೂಪಾಯಿಗೂ ಮೇಲೆ. ತಂಗುದಾಣವನ್ನು ನೋಡಿಕೊಳ್ಳುತ್ತಿದ್ದ ವೃದ್ಧರು ಶೀಸೆಗಳಿಗೆ ವೃತ್ತಪತ್ರಿಕೆ ಸುತ್ತಿ, ಅಂಕಿ ಬರೆದು, ಮೇಜಿನ ಮೇಲಿಟ್ಟರು. ಚಾಲಕ ಅಣ್ಣನವರು ಹಬ್ಬ ನೋಡಲು ಹೊರಟುಹೋದರು. ಮೇಷ್ಟರು ಮತ್ತು ನಾವು ಕುಳಿತೆವು.

ರುಚಿಯನ್ನು ಬರೆದಿಡಲು ಹೊರಟಾಗ ಮೊದಲ ತೊಡಕು ಭಾಷೆಯದಾಯಿತು. ಇಂಥ ವಿಷಯದ ಪುಸ್ತಕಗಳಲ್ಲಿ ಚೆರ್ರಿ, ಪ್ಲಮ್ ಮುಂತಾದ ಹಣ್ಣುಗಳ ಹೆಸರುಗಳಿರುತ್ತವೆ. ನಾವು ಆ ಹಣ್ಣುಗಳನ್ನು ತಿಂದು ಬೆಳೆದವರಲ್ಲ. ತಿನ್ನದ ಹಣ್ಣಿನ ರುಚಿ ಕಂಡಿತೆಂದು ಬರೆಯುವುದು ಸುಳ್ಳಾಗುತ್ತದೆ. ಆದರೆ ಕನ್ನಡದಲ್ಲಿ ಒಂದು ಬೆಲೆಬಾಳುವ ಪದವಿದೆ: ಒಗರು. ನೇರಳೆ ಹಣ್ಣು, ಎಳೆಯ ಅಡಿಕೆ, ಬಲಿಯದ ಬಾಳೆಕಾಯಿ ನಾಲಿಗೆಯನ್ನು ಹಿಡಿದಂತೆ ಮಾಡುವುದಲ್ಲ, ಅದೇ ಕೆಂಪು ದ್ರಾಕ್ಷಾರಸದ ಬೆನ್ನೆಲುಬು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಅದು ಬರುತ್ತದೆ. ಆದುದರಿಂದ ನಮ್ಮ ಊರಿನ ಮಾತುಗಳಲ್ಲೇ ಬರೆದುಕೊಂಡೆವು.

ಒಂದನೆಯ ಶೀಸೆ: ತಿಳಿಗೆಂಪು, ಬೆಚ್ಚಗಿನ ರಸ, ಒಗರು ಕಡಿಮೆ, ಗಂಟಲಲ್ಲಿ ಕಾವು ಹೆಚ್ಚು, ಹಿಂದಿನಿಂದ ಮೆಣಸಿನ ಸುಳಿವು. ಎರಡನೆಯದು: ನೇರಳೆ ಬಣ್ಣ, ಮೂಗಿಗೆ ಮಾಗಿದ ಬಾಳೆಹಣ್ಣಿನ ವಾಸನೆ, ಚುರುಕಾದ ಹುಳಿ, ನೀರಿನಷ್ಟು ಹಗುರ. 'ಮಕ್ಕಳ ಪಾನಕ' ಎಂದು ಮೇಷ್ಟರು ತಳ್ಳಿಹಾಕಿದರು. ಮೂರನೆಯದು: ಒಗರಿನ ಜೊತೆಗೆ ಕೊಬ್ಬರಿಯ ಪರಿಮಳ, ಅಚ್ಚರಿಯಾಯಿತು. ನಾಲ್ಕನೆಯದು: ಮಸಿಯಂಥ ಬಣ್ಣ, ದಪ್ಪ, ಒಣ ಅಂಜೂರ ಮತ್ತು ಕರಿಬೆಲ್ಲದ ನೆನಪು. ಐದನೆಯದು: ಬಣ್ಣ ಇಟ್ಟಿಗೆಗೆ ತಿರುಗಿದೆ, ಒಣಗಿದ ಎಲೆಗಳ ಮತ್ತು ಹಳೆಯ ಚರ್ಮದ ವಾಸನೆ, ಮಾತು ಕಡಿಮೆ.

ನಾವಿಬ್ಬರೂ ಏಕಕಂಠದಿಂದ ನಾಲ್ಕನೆಯದೇ ಹದಿನಾಲ್ಕು ಯೂರೋದ್ದೆಂದು ತೀರ್ಪಿತ್ತೆವು. ಐದನೆಯದನ್ನು 'ಹಳಸಿದೆ' ಎಂದು ಕೆಳಗಿಳಿಸಿದೆವು. ವೃದ್ಧರು ಪತ್ರಿಕೆ ಬಿಚ್ಚಿದರು. ನಾಲ್ಕನೆಯದು ಮೂರು ಯೂರೋದ್ದು. ಹಳಸಿದೆ ಎಂದುಕೊಂಡದ್ದೇ ಹದಿನಾಲ್ಕರದು! ವೃದ್ಧರು ಸೌಜನ್ಯದಿಂದ ಕಿಟಕಿಯ ಕಡೆ ನೋಡುತ್ತ ನಕ್ಕರು.

ಶೀಸೆಗಳ ಕುಲಗೋತ್ರ ಹೀಗಿತ್ತು. ಒಂದನೆಯದು ನವಾರ್ರಾದ ಗಾರ್ನಾಚಾ ದ್ರಾಕ್ಷಿಯದು. ಎರಡು, ಮೂರು, ಐದು ರಿಯೋಹಾದವು. ಅಲ್ಲಿನ ಮುಖ್ಯ ದ್ರಾಕ್ಷಿ ತೆಂಪ್ರಾನಿಯೊ. ಬೇಗ ಮಾಗುವುದರಿಂದ ಅದಕ್ಕೆ ಆ ಹೆಸರು. ನಾಲ್ಕನೆಯದು ಆಗ್ನೇಯದ ಬಿಸಿಲುನಾಡಾದ ಹುಮಿಯಾದ ಮೊನಾಸ್ತ್ರೆಲ್ ದ್ರಾಕ್ಷಿಯದು. ಸುಡುವ ಬಿಸಿಲಿನಲ್ಲಿ ಮಾಗುವ ಆ ದಪ್ಪ ಸಿಪ್ಪೆಯ ಹಣ್ಣಿನಿಂದಲೇ ಆ ಕಪ್ಪು ಬಣ್ಣ.

ರಿಯೋಹಾದ ಶೀಸೆಗಳ ಬೆನ್ನಿನ ಚೀಟಿಯಲ್ಲಿ ವಯಸ್ಸಿನ ಲೆಕ್ಕವಿರುತ್ತದೆ. 'ಹೋವೆನ್' ಎಂದರೆ ಎಳೆಯದು; ಸಾಮಾನ್ಯವಾಗಿ ಪೀಪಾಯಿಯನ್ನು ಕಾಣದೆ ಬರುತ್ತದೆ. ನಮ್ಮ ಎರಡನೆಯ ಶೀಸೆಯಲ್ಲಿದ್ದುದು ಗೊಂಚಲುಗಳನ್ನು ಹಿಂಡದೆ ಇಡಿಯಾಗಿ ತೊಟ್ಟಿಗೆ ಸುರಿದು ಹುದುಗಿಸಿದ ಬಗೆ. ಬಾಳೆಹಣ್ಣಿನ ವಾಸನೆ ಅಲ್ಲಿಂದ ಬಂದದ್ದು. 'ಕ್ರಿಯಾನ್ಸಾ' ಎಂದಿದ್ದರೆ ಎರಡು ವರ್ಷ ಕಳೆದಿರಬೇಕು, ಅದರಲ್ಲಿ ಕನಿಷ್ಠ ಒಂದು ವರ್ಷ 225 ಲೀಟರಿನ ಓಕ್ ಮರದ ಪೀಪಾಯಿಯಲ್ಲಿ. ರಿಯೋಹಾದವರು ಬಹುಕಾಲದಿಂದ ಅಮೆರಿಕದ ಓಕ್ ಮರವನ್ನು ಬಳಸುತ್ತ ಬಂದಿದ್ದಾರೆ. ಕೊಬ್ಬರಿಯ ಪರಿಮಳ ಆ ಮರದ ಕೊಡುಗೆ. 'ರೆಸೆರ್ವಾ' ಎಂದರೆ ಮೂರು ವರ್ಷ, 'ಗ್ರಾನ್ ರೆಸೆರ್ವಾ' ಎಂದರೆ ಐದು. ಕ್ರಿಯಾನ್ಸಾ ಎಂಬ ಪದಕ್ಕೆ ಸಾಕಿ ಬೆಳೆಸುವುದೆಂದು ಅರ್ಥ. ಸ್ಪೇನಿನ ತಾಯಂದಿರು ಮಕ್ಕಳನ್ನು ಸಾಕುವುದಕ್ಕೂ ಅದೇ ಪದವನ್ನು ಬಳಸುತ್ತಾರೆ. ಅಂದ ಮೇಲೆ ಹದಿನಾಲ್ಕು ಯೂರೋ ವಂಚನೆಯಲ್ಲ. ಅದು ಮರದ, ನೆಲಮಾಳಿಗೆಯ, ಕಾಯ್ದ ವರ್ಷಗಳ ಕೂಲಿ. ಕಾಯುವಿಕೆಯ ರುಚಿಯನ್ನು ಗುರುತಿಸಲು ನಮ್ಮ ನಾಲಿಗೆ ಇನ್ನೂ ಕಲಿತಿರಲಿಲ್ಲ, ಅಷ್ಟೆ.

ನಿಜವಾದ ಪರೀಕ್ಷೆ ನಡೆದದ್ದು ರಾತ್ರಿಯ ಊಟದಲ್ಲಿ. ವೃದ್ಧರು ಆಲೂಗಡ್ಡೆಯನ್ನು ಚೊರೀಸೊ ಸೇರಿಸಿ ಬೇಯಿಸಿದ್ದರು. ಇದು ಗೋವೆಯ ಕಡೆಯವರಿಗೆ ಪರಿಚಿತವಾದ ಚೊರೀಸಿನ ದಾಯಾದಿ. ಒಣಮೆಣಸಿನ ಪುಡಿಯಿಂದ ಕೆಂಪಾದದ್ದು. ಒಣಗಿದ ದ್ರಾಕ್ಷಿಬಳ್ಳಿಯ ಕಡ್ಡಿಗಳ ಕೆಂಡದ ಮೇಲೆ ಕುರಿಮರಿಯ ಸಣ್ಣ ಪಕ್ಕೆತುಂಡುಗಳನ್ನು ಸುಟ್ಟಿದ್ದರು. ಹಗಲು ತೆರೆದ ಐದೂ ಶೀಸೆಗಳು ಮೇಜಿನ ಮೇಲಿದ್ದವು. 'ಮಕ್ಕಳ ಪಾನಕ'ವನ್ನು ಮಾತ್ರ ಅವರು ಕಾಲು ಗಂಟೆ ತಣ್ಣೀರಿನಲ್ಲಿ ಇರಿಸಿ ತಂದಿದ್ದರು.

ಮೇಜಿನ ಸುತ್ತ ಕುಳಿತಿದ್ದ ಎಂಟು ಜನ ಯಾತ್ರಿಕರು ತಮಗೆ ಬೇಕಾದುದನ್ನು ಸುರಿದುಕೊಂಡರು. ಊಟ ಮುಗಿದಾಗ ಹುಮಿಯಾದ ದಪ್ಪ ರಸ ಅರ್ಧ ಉಳಿದಿತ್ತು. ಎರಡು ತುತ್ತಿನ ನಂತರ ಅದು ಭಾರವೆನಿಸಿತು. ಎರಡೂವರೆ ಯೂರೋದ ಎಳೆಯ ರಿಯೋಹಾ ಬರಿದಾಗಿತ್ತು. ಮಾಂಸದ ಜಿಡ್ಡನ್ನು ಅದರ ಹುಳಿ ತೊಳೆಯುತ್ತಿತ್ತು, ಮತ್ತೊಂದು ತುತ್ತಿಗೆ ಬಾಯಿಯನ್ನು ಸಿದ್ಧಗೊಳಿಸುತ್ತಿತ್ತು. ಒಗರಿನ ಅಂಶವು ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಬಾಯಿ ಒಣಗಿದಂತಾಗುತ್ತದೆ. ಮಾಂಸವೋ ಗಿಣ್ಣೋ ಜೊತೆಗಿದ್ದರೆ ಅದು ಅಲ್ಲಿಯೂ ಅಂಟಿಕೊಳ್ಳುತ್ತದೆ, ನಾಲಿಗೆ ಬಿಡುಗಡೆ ಹೊಂದುತ್ತದೆ. ಇರಾಚೆಯಲ್ಲಿ ನಮ್ಮ ಮುಖ ಕಿವಿಚಿದ್ದು ಏಕೆಂದು ಆಗ ತಿಳಿಯಿತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರೊಟ್ಟಿಯ ಚೂರೂ ಇಲ್ಲದೆ ಕುಡಿದಿದ್ದೆವು.

ಒಂದು ವಸ್ತು ಒಳ್ಳೆಯದೋ ಅಲ್ಲವೋ ಎಂದು ಅಳೆಯಬೇಕಾದರೆ ಅದು ಯಾವ ಉದ್ದೇಶಕ್ಕಾಗಿ ಇದೆಯೆಂದು ಮೊದಲು ಕೇಳಬೇಕೆಂದು ಗುರುಮಠದಲ್ಲಿ ನಾವು ಅರಿಸ್ಟಾಟಲನ ಮೂಲಕ ಕಲಿತಿದ್ದೆವು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆವು. ಮೂವತ್ತು ವರ್ಷಗಳ ಬಳಿಕ ಒಂದು ಅಗ್ಗದ ಶೀಸೆ ಅದನ್ನು ಮತ್ತೆ ಕಲಿಸಿತು. ಊಟಕ್ಕಾಗಿ ಮಾಡಿದ ರಸವನ್ನು ಊಟವಿಲ್ಲದೆ ಕುಡಿದು ದೂರಿದವರು ನಾವು.

ಆದರೆ ಅಗ್ಗವೆಂಬುದು ಆಕಾಶದಿಂದ ಉದುರಿದ್ದಲ್ಲ. ಜಗತ್ತಿನಲ್ಲಿ ಅತ್ಯಂತ ಹೆಚ್ಚು ದ್ರಾಕ್ಷಿತೋಟವಿರುವ ದೇಶ ಸ್ಪೇನ್. ಒಂಬತ್ತು ಲಕ್ಷ ಹೆಕ್ಟೇರಿಗೂ ಮೇಲೆ. ಮಧ್ಯದ ಲಾ ಮಾಂಚಾ ಬಯಲಿನಲ್ಲಿ ಸಹಕಾರ ಸಂಘಗಳು ಅಪಾರ ಪ್ರಮಾಣದಲ್ಲಿ ರಸ ತಯಾರಿಸುತ್ತವೆ, ಬಹಳಷ್ಟು ಹೆಸರಿಲ್ಲದೆ ಟ್ಯಾಂಕರುಗಳಲ್ಲಿ ಹೊರದೇಶಗಳಿಗೆ ಹೋಗುತ್ತದೆ. ಇದರ ಭಾರ ಕೊನೆಗೆ ಬೆಳೆಗಾರನ ಹೆಗಲಿಗೆ ಬೀಳುತ್ತದೆ. 2020ರ ಆರಂಭದಲ್ಲಿ ಆ ದೇಶದ ರೈತರು ತಮ್ಮ ಬೆಳೆಗಳಿಗೆ ನ್ಯಾಯವಾದ ಬೆಲೆ ಸಿಗುತ್ತಿಲ್ಲವೆಂದು ಟ್ರಾಕ್ಟರುಗಳೊಡನೆ ಬೀದಿಗಿಳಿದರು; ಬೆಳೆದ ಖರ್ಚಿಗಿಂತ ಕಡಿಮೆಗೆ ಕೊಳ್ಳಬಾರದೆಂಬ ನಿಯಮವನ್ನು ಸರ್ಕಾರ ಆಗ ತರಬೇಕಾಯಿತು. ಟೊಮೇಟೊವನ್ನು ರಸ್ತೆಗೆ ಸುರಿದ ರೈತರನ್ನು ಕಂಡಿರುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಗ್ಗದ ಶೀಸೆಯನ್ನು ಮೆಚ್ಚುವಾಗ ಅದರ ಹಿಂದಿರುವ ಬೆನ್ನು ಬಾಗಿದವನನ್ನೂ ನೆನೆಯಬೇಕು.

ಇನ್ನೊಂದು ಆಕ್ಷೇಪವನ್ನು ಓದುಗರು ಕೇಳುವ ಮೊದಲೇ ನಾವು ಕೇಳಿಕೊಂಡಿದ್ದೇವೆ. ಕೂಲಿಯ ಹಣ ಮನೆ ಸೇರುವ ಮುನ್ನ ಮದ್ಯದಂಗಡಿ ಸೇರುವುದನ್ನು ವಾರವಾರವೂ ಕಾಣುವ ಧರ್ಮಗುರುವೊಬ್ಬರು ದ್ರಾಕ್ಷಾರಸದ ರುಚಿಯನ್ನು ಬರೆಯಬಹುದೇ? ಯಾವ ಆಹಾರಪಾನೀಯವೂ ತನ್ನಷ್ಟಕ್ಕೆ ನಿಷಿದ್ಧವಲ್ಲವೆಂದು ಸಂತ ತೋಮಸ್ ಅಕ್ವಿನಾಸರು ವಾದಿಸಿದ್ದಾರೆ. ಆದರೆ ಕುಡಿಯುವವನ ಸ್ಥಿತಿಯಿಂದ, ಅಳತೆ ಮೀರುವುದರಿಂದ ಅದು ದೋಷವಾಗಬಹುದೆಂದೂ ಹೇಳಿದ್ದಾರೆ. ಸ್ಪೇನಿನಲ್ಲೂ ಕುಡಿತದಿಂದ ಕೆಟ್ಟ ಮನೆಗಳಿವೆ. ಆದರೂ ಆ ಮೇಜಿನ ರೀತಿಯನ್ನು ನಾವು ಮೆಚ್ಚಿದೆವು: ಊಟವಿಲ್ಲದೆ ಶೀಸೆ ತೆರೆಯುವುದಿಲ್ಲ, ಒಬ್ಬನೇ ಕುಡಿಯುವುದಿಲ್ಲ, ಊಟ ಮುಗಿದೊಡನೆ ಬಿರಡೆ ಹಾಕುತ್ತಾರೆ. ಬೇಡವೆಂದವನಿಗೆ ಒತ್ತಾಯವೂ ಇಲ್ಲ.

ಹಬ್ಬ ನೋಡಿ ಬಂದಿದ್ದ ಚಾಲಕ ಅಣ್ಣನವರು ಆ ರಾತ್ರಿ ನಮ್ಮ ಬಲಗಡೆಗೆ ಕುಳಿತಿದ್ದರು. ವೃದ್ಧರು ಅವರನ್ನು ಏನೂ ಕೇಳಲಿಲ್ಲ. ಎಲ್ಲರಿಗೂ ಇಟ್ಟಂಥದೇ ಗಾಜಿನ ಲೋಟದಲ್ಲಿ ಅವರಿಗೆ ನೀರು ಸುರಿದು, ಆ ಲೋಟಕ್ಕೇ ಮೊದಲು ತಮ್ಮ ಲೋಟವನ್ನು ತಾಗಿಸಿದರು. ಮುಂಬರುವ ಕ್ರಿಸ್ಮಸ್‌ಗೆ ಭರಣಿಯ ಬಟ್ಟೆ ಬಿಚ್ಚುವ ನಮ್ಮ ಮನೆಗಳಲ್ಲಿಯೂ, ಬೇಡವೆನ್ನುವವರೊಬ್ಬರು ಪಂಕ್ತಿಯಲ್ಲಿರಬಹುದು. ಅವರಿಗೂ ಅದೇ ಲೋಟವನ್ನಿಡಿ, ಕಾರಣ ಕೇಳಬೇಡಿ.